ಊರಿನ ಆಟಕ್ಕೆ ನಮ್ಮ ಮುಯ್ಯಿ

ಬಳ್ಳಾರಿಯಿಂದ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ ಕುರುಗೋಡು ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಈಗ ತಾಲ್ಲೂಕಿನ ಕೇಂದ್ರ. ಅಲ್ಲಿಗೆ ಹೋದವರು ದೊಡ್ಡಬಸವೇಶ್ವರನ ಗುಡಿಯನ್ನು ಹೊಕ್ಕು, ಒಂದೇ ಕಲ್ಲಿನಲ್ಲಿ ಮೂಡಿದ ಆ ಭಾರಿ ಬಸವನ ಮುಂದೆ ಕೈಮುಗಿಯದೆ ಹಿಂದಿರುಗುವುದಿಲ್ಲ. ಇತಿಹಾಸದಲ್ಲಿ ಆಸಕ್ತಿಯುಳ್ಳವರು ಗುಡ್ಡದ ಸುತ್ತಲಿನ ಹಳೆಯ ಗುಡಿಗಳನ್ನೂ ಶಾಸನಗಳನ್ನೂ ನೋಡಿ ಬರುತ್ತಾರೆ. ಆದರೆ ಸುಗ್ಗಿ ಮುಗಿದು ಬಿಸಿಲು ಏರತೊಡಗಿದ ದಿನಗಳಲ್ಲಿ ಆ ಸೀಮೆಗೆ ಹೋದರೆ ನೋಡಬೇಕಾದ ವಸ್ತು ಇನ್ನೊಂದುಂಟು. ಅದು ಕಲ್ಲಿನಲ್ಲಿಲ್ಲ, ಕಾಗದದಲ್ಲಿದೆ. ಚಹಾದ ಅಂಗಡಿಯ ಗೋಡೆಗೆ, ಬಸ್ಸು ನಿಲ್ಲುವಲ್ಲಿನ ಕಂಬಕ್ಕೆ ಅಂಟಿಸಿದ, ಗುಲಾಬಿಯೋ ಹಳದಿಯೋ ಬಣ್ಣದ ತೆಳುವಾದ ನಾಟಕದ ಕರಪತ್ರ.

ನಾವು ಪಟ್ಟಣದವರು ಆ ಕರಪತ್ರವನ್ನು ನೋಡುತ್ತೇವೆ, ಓದುವುದಿಲ್ಲ. ಒಮ್ಮೆ ನಿಂತು ಓದೋಣ. ಮೇಲೆ ಊರ ದೇವರ ಹೆಸರು. ಅದರ ಕೆಳಗೆ ನಾಟ್ಯಸಂಘದ ಹೆಸರು, ದಪ್ಪ ಅಕ್ಷರದಲ್ಲಿ ನಾಟಕದ ಹೆಸರು. ಆಮೇಲೆ ಎರಡು ಸಾಲಾಗಿ ಪಾತ್ರವರ್ಗ: ಈ ಪಾತ್ರಕ್ಕೆ ಇಂಥವರು, ಆ ಪಾತ್ರಕ್ಕೆ ಇಂಥವರು. ಒಬ್ಬ ಟ್ರ್ಯಾಕ್ಟರ್ ಓಡಿಸುವವನು, ಒಬ್ಬ ಕಿರಾಣಿ ಅಂಗಡಿಯವನು, ಒಬ್ಬ ಕೂಲಿಯವನು. ಸ್ತ್ರೀಪಾತ್ರಗಳ ಕಡೆ ಬೇರೆ ಊರಿನ ಕಲಾವಿದೆಯರ ಹೆಸರುಗಳು. ಕೆಳಗೆ ನಿರ್ದೇಶಕರಾದ ಮಾಸ್ತರು, ಹಾರ್ಮೋನಿಯಂ, ತಬಲಾ, ರಂಗಸಜ್ಜಿಕೆ. ಕೊನೆಯಲ್ಲಿ ಊರಿನ ಗುರುಹಿರಿಯರ ಹೆಸರುಗಳು, ಸರ್ವರಿಗೂ ಸ್ವಾಗತ.

ಸರ್ವರಿಗೂ ಎಂದರೆ ನಮಗೂ ಹೌದು. ಈ ಕರೆಗೆ ನಾವು ಕೊಡಬೇಕಾದ ಮರ್ಯಾದೆ ಯಾವುದು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಆ ಆಟದ ಲೆಕ್ಕವನ್ನು ತಿಳಿದುಕೊಳ್ಳಬೇಕು. ಪಟ್ಟಣದ ರಂಗಮಂದಿರದಲ್ಲಿ ನೋಡುವವನು ದುಡ್ಡು ಕೊಡುತ್ತಾನೆ, ಆಡುವವನು ದುಡ್ಡು ಪಡೆಯುತ್ತಾನೆ. ಹಳ್ಳಿಯ ನಾಟಕದಲ್ಲಿ ಇದು ಬಹುಮಟ್ಟಿಗೆ ತಿರುಗುಮುರುಗು. ನೋಡುವವರಿಗೆ ಟಿಕೇಟಿಲ್ಲ, ಆಡುವವರೇ ಹಣ ಹಾಕುತ್ತಾರೆ. ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ನಾಯಕನ ಪಾತ್ರ ಬೇಕೆಂದರೆ ನಾಯಕನಷ್ಟೇ ಕೊಡಬೇಕು. ಸೇವಕನ ಪಾತ್ರಕ್ಕೆ ಸೇವಕನಷ್ಟು. ಸಾಲದ್ದನ್ನು ಊರವರ ಚಂದಾದಿಂದ ತುಂಬುತ್ತಾರೆ. ಆ ಹಣ ಮಾಸ್ತರಿಗೆ, ವಾದ್ಯದವರಿಗೆ, ಸ್ತ್ರೀಪಾತ್ರದ ಕಲಾವಿದೆಯರಿಗೆ, ಪರದೆ ಮತ್ತು ವೇಷಭೂಷಣ ಬಾಡಿಗೆಗೆ ಕೊಡುವವರಿಗೆ, ದೀಪಕ್ಕೆ, ಮೈಕಿಗೆ, ಬಂದ ಕಲಾವಿದರ ಊಟಕ್ಕೆ ಹಂಚಿಹೋಗುತ್ತದೆ. ಬೆಳಗಾದಾಗ ಸಂಘದ ಪೆಟ್ಟಿಗೆಯಲ್ಲಿ ಏನೂ ಉಳಿದಿರುವುದಿಲ್ಲ. ಕೆಲವೊಮ್ಮೆ ಸಾಲವೇ ಉಳಿಯುತ್ತದೆ.

ಹಣಕ್ಕಿಂತ ದೊಡ್ಡ ಖರ್ಚು ಹೊತ್ತಿನದು. ಒಂದು ಆಟ ರಂಗಕ್ಕೇರಬೇಕಾದರೆ ತಿಂಗಳುಗಟ್ಟಲೆ ತಾಲೀಮು ನಡೆಯಬೇಕು. ಹಗಲೆಲ್ಲ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ರಾತ್ರಿ ಉಂಡು ಗುಡಿಯ ಪಡಸಾಲೆಯಲ್ಲೋ ಶಾಲೆಯ ಅಂಗಳದಲ್ಲೋ ಸೇರುತ್ತಾರೆ. ಅಕ್ಷರ ಬಾರದವನಿಗೆ ಮಾಸ್ತರು ಒಂದೊಂದು ಮಾತನ್ನೂ ಬಾಯಿಂದಲೇ ಹೇಳಿಕೊಡುತ್ತಾರೆ. ಅವನು ಮರುದಿನ ಎತ್ತಿನ ಹಿಂದೆಯೋ ಯಂತ್ರದ ಮೇಲೋ ಅದನ್ನು ಗುನುಗುತ್ತಾನೆ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ಬಯಲಾಟವಾದರಂತೂ ಮಾತು, ಹಾಡು, ಕುಣಿತ ಮೂರೂ ಕೂಡಿ ಬರಬೇಕು. ಸಾರಥಿ ಕೇಳಿದ ಪ್ರಶ್ನೆಗೆ ವೇಷಧಾರಿ ತನ್ನ ಹೆಸರು, ಕುಲ, ಪರಾಕ್ರಮಗಳನ್ನು ಹೇಳಿಕೊಳ್ಳಬೇಕು. ಭುಜಕೀರ್ತಿ, ಎದೆಹಾರ, ಕಿರೀಟಗಳ ಭಾರವನ್ನು ಹೊತ್ತು ಗೆಜ್ಜೆಕಾಲಿನಲ್ಲಿ ಹೆಜ್ಜೆ ತಪ್ಪದೆ ತಿರುಗಬೇಕು. ಇದನ್ನು ಕಲಿತವನು ಯಾವ ಶಾಲೆಯ ಪ್ರಮಾಣಪತ್ರವನ್ನೂ ಪಡೆಯುವುದಿಲ್ಲ. ಆದರೆ ಆ ರಾತ್ರಿಯ ಮಟ್ಟಿಗೆ ಊರೆಲ್ಲ ಅವನನ್ನು ಕರ್ಣನೆಂದೋ ಕುಮಾರರಾಮನೆಂದೋ ಒಪ್ಪುತ್ತದೆ. ಕಂಪಿಲಿಯ ಕುಮಾರರಾಮ ಈ ಸೀಮೆಯವನೇ. 14ನೆಯ ಶತಮಾನದ ಆ ವೀರನನ್ನು ಇಲ್ಲಿನ ಜನ ಚರಿತ್ರೆಯ ಪುಸ್ತಕಕ್ಕಿಂತ ಹೆಚ್ಚಾಗಿ ಹಾಡಿನಿಂದಲೂ ಆಟದಿಂದಲೂ ಬಲ್ಲರು.

ಇಷ್ಟನ್ನೂ ಅವರು ಮಾಡಿ, ನಮ್ಮನ್ನು ಬಿಟ್ಟಿಯಾಗಿ ಕರೆಯುತ್ತಾರೆ. ಆದ್ದರಿಂದ ಊರಿನ ಕಲೆಗೆ ಸಹಾಯ ಮಾಡುವುದು ಎಂದರೆ ಬಡವರಿಗೆ ದಾನ ಕೊಟ್ಟಂತೆ ಎಂಬ ಭಾವನೆ ನಮ್ಮಲ್ಲಿದ್ದರೆ ಅದನ್ನು ಮೊದಲು ಬಿಡಬೇಕು. ಮದುವೆಯಲ್ಲಿ ಮುಯ್ಯಿ ಮಾಡುವುದು ತಮಗೆಲ್ಲ ಗೊತ್ತು. ಅವರು ನಮ್ಮ ಮನೆಯ ಮದುವೆಗೆ ಮಾಡಿದ್ದನ್ನು ನೆನಪಿಟ್ಟು ನಾವು ಅವರ ಮನೆಯ ಮದುವೆಗೆ ಮಾಡುತ್ತೇವೆ. ಅದು ಭಿಕ್ಷೆಯಲ್ಲ, ಋಣ. ಊರಿನ ಆಟಕ್ಕೆ ನಾವು ಕೊಡಬೇಕಾದದ್ದೂ ಮುಯ್ಯಿಯೇ. ಅವರದು ಈಗಾಗಲೇ ಬಂದು ಮುಟ್ಟಿದೆ. ಬಾಕಿ ಇರುವುದು ನಮ್ಮದು.

ಪಟ್ಟಣದ ಓದುಬಲ್ಲ ಮನೆಗಳಿಗೂ ರಂಗಭೂಮಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಬಳ್ಳಾರಿಯ ಚರಿತ್ರೆಯೇ ಉತ್ತರ ಹೇಳುತ್ತದೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸು ಆಡಳಿತದಲ್ಲಿತ್ತು. ಕನ್ನಡ ತೆಲುಗುಗಳೆರಡೂ ಬೀದಿಯಲ್ಲಿ ಕೈಹಿಡಿದು ನಡೆದ ಊರು ಅದು. ಅಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸವಿನೋದಿನಿ ಸಭೆಯನ್ನು ಕಟ್ಟಿ ತೆಲುಗು ನಾಟಕಗಳನ್ನು ಬರೆದು ಆಡಿಸಿದರು. ಅವರಿಗೆ ಎದುರಾಳಿಯಂತೆ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನು ನಡೆಸಿದರು. ಧರ್ಮವರಂ ಅವರ ಸೋದರಳಿಯನೇ 1880ರಲ್ಲಿ ಹುಟ್ಟಿದ ತಾಡಪತ್ರಿ ರಾಘವಾಚಾರ್ಯರು. ಲೋಕ ಅವರನ್ನು ಬಳ್ಳಾರಿ ರಾಘವ ಎಂದೇ ಬಲ್ಲುದು. ಷೇಕ್ಸ್‌ಪಿಯರನ ಪಾತ್ರಗಳಿಂದ ಪುರಾಣದ ಪಾತ್ರಗಳವರೆಗೆ, ತೆಲುಗು, ಕನ್ನಡ, ಇಂಗ್ಲಿಷುಗಳಲ್ಲಿ ಅಭಿನಯಿಸಿದ ಮಹಾನಟ. 1946ರಲ್ಲಿ ಅವರು ತೀರಿಕೊಂಡರು.

ಈ ಮೂವರಲ್ಲಿ ಒಂದು ಸಾಮ್ಯವಿದೆ. ಮೂವರೂ ವಕೀಲರು. ಹಗಲು ನ್ಯಾಯಾಲಯ, ರಾತ್ರಿ ರಂಗಸ್ಥಳ. ನಾಟಕ ಅವರಿಗೆ ಹೊಟ್ಟೆಪಾಡಾಗಿರಲಿಲ್ಲ. ಜೊತೆಗೆ ನಿಂತವರೂ ಪೇಟೆಯ ಗೃಹಸ್ಥರು, ನೌಕರರು, ಉಪಾಧ್ಯಾಯರು. ಅಂದರೆ ಬಳ್ಳಾರಿಯ ರಂಗಭೂಮಿಯ ಕೀರ್ತಿಯನ್ನು ಕಟ್ಟಿದ್ದು ಅರಮನೆಯಲ್ಲ, ಸಾಧಾರಣ ಮನೆಗಳು. ರಾಘವರ ಹೆಸರಿನ ಕಲಾಮಂದಿರ ಇಂದಿಗೂ ಬಳ್ಳಾರಿಯಲ್ಲಿದೆ. ಆ ಕಟ್ಟಡದ ಮುಂದೆ ಹಾದುಹೋಗುವ ನಮ್ಮಲ್ಲಿ ಎಷ್ಟು ಜನ ಈ ವರ್ಷ ಒಳಗೆ ಹೋಗಿ ಕುಳಿತಿದ್ದೇವೆ?

ಇದು ಪೇಟೆಯ ಕತೆ ಮಾತ್ರವೂ ಅಲ್ಲ. ಬಳ್ಳಾರಿ ತಾಲ್ಲೂಕಿನ ಜೋಳದರಾಶಿ ಎಂಬ ಗಡಿಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದ ದೊಡ್ಡನಗೌಡರು ಗಮಕಿಗಳಾಗಿ, ನಟರಾಗಿ, ನಾಟಕಕಾರರಾಗಿ ನಾಡಿನಲ್ಲೆಲ್ಲ ಹೆಸರಾದರು. 1994ರಲ್ಲಿ ಅವರು ಕಾಲವಾದರು. ಬಳ್ಳಾರಿಯ ದೊಡ್ಡ ರಂಗಮಂದಿರಕ್ಕೆ ಈಗ ಅವರ ಹೆಸರಿದೆ. ಪೇಟೆಯ ವಕೀಲರು ಹಾಕಿದ ದಾರಿಗೆ ಹಳ್ಳಿಯ ರೈತರ ಮನೆಯ ಮಗನೂ ಬಂದು ಕೂಡಿಕೊಂಡರೆಂಬುದಕ್ಕೆ ಅದೊಂದು ಗುರುತು.

ಕರಪತ್ರದಲ್ಲಿ ಸ್ತ್ರೀಪಾತ್ರದ ಕಲಾವಿದೆಯರ ಹೆಸರುಗಳನ್ನು ಕಂಡೆವಲ್ಲ, ಅವರ ವಿಷಯ ಬೇರೆಯಾಗಿಯೇ ಹೇಳಬೇಕು. ಊರಿನ ಗಂಡಸರಿಗೆ ನಾಟಕ ಹವ್ಯಾಸ. ಈ ಹೆಣ್ಣುಮಕ್ಕಳಿಗೆ ಅದು ಅನ್ನ. ಒಂದು ರಾತ್ರಿ ಒಂದು ಊರು, ಮರುರಾತ್ರಿ ಇನ್ನೊಂದು. ಅಪರಿಚಿತರ ಜೊತೆಗೆ ಒಂದೆರಡು ತಾಲೀಮಿನಲ್ಲೇ ಹೊಂದಿಕೊಂಡು, ಮಾತು ಮರೆತ ನಾಯಕನಿಗೆ ತಾನೇ ಮೆಲ್ಲನೆ ಎತ್ತಿಕೊಟ್ಟು, ಆಟವನ್ನು ದಡ ಮುಟ್ಟಿಸುವವಳು ಆಕೆ. ಬಳ್ಳಾರಿಯಲ್ಲಿ ನೆಲೆಸಿದ್ದ ಸುಭದ್ರಮ್ಮ ಮನ್ಸೂರರು 2020ರಲ್ಲಿ ತೀರಿಕೊಳ್ಳುವವರೆಗೆ ಇಂಥ ಕಲಾವಿದೆಯರಿಗೆಲ್ಲ ಹಿರಿಯಕ್ಕನಂತಿದ್ದರು. ಅವರ ರಂಗಗೀತೆಯನ್ನು ಕೇಳಿದವರು ಮರೆಯಲಾರರು. ಹೊಸಪೇಟೆಯ ಬಳಿಯ ಮರಿಯಮ್ಮನಹಳ್ಳಿಯಂತೂ ರಂಗಕಲಾವಿದೆಯರ ಊರೆಂದೇ ಹೆಸರಾಗಿದೆ. ಅವರು ಬೆಳಗಿನ ಜಾವ ಬಣ್ಣ ಅಳಿಸಿಕೊಂಡು ಮೊದಲನೆಯ ಬಸ್ಸಿಗೆ ಕಾದು ನಿಂತಾಗ ಅವರನ್ನು ನೋಡುವ ನಮ್ಮ ನೋಟದಲ್ಲಿ ರಾತ್ರಿಯ ಚಪ್ಪಾಳೆಯ ಗೌರವ ಉಳಿದಿರುತ್ತದೆಯೆ? ಇಲ್ಲವಾದರೆ ಆ ಚಪ್ಪಾಳೆ ಸುಳ್ಳು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಕುರುಗೋಡಿನ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಮನೆಯಿಂದ ಹೊರಬಿದ್ದು, ಅವಮಾನಗಳನ್ನೆಲ್ಲ ಉಂಡು, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ದೆಹಲಿಯ ದರ್ಬಾರಿನಲ್ಲಿ ನಾಡೆಲ್ಲ ಅವರನ್ನು ಕಂಡಿತು. ಅದಕ್ಕೆ ಮೊದಲು ಎಷ್ಟೋ ವರ್ಷ ಇದೇ ಬೀದಿಗಳಲ್ಲಿ ಅವರು ತಲೆಯ ಮೇಲೆ ಕೊಡವನ್ನು ನಿಲ್ಲಿಸಿ ಕುಣಿದಾಗ ನಾವು ಕಂಡೂ ಕಾಣದವರಾಗಿದ್ದೆವು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇದಕ್ಕಿಂತ ಚೆನ್ನಾಗಿ ಎಲ್ಲಿ ಹೊಂದೀತು?

ಹಾಗೆ ಕಾಣದೆ ಇರುವುದರಿಂದ ಆಗುವ ನಷ್ಟ ಎಂಥದು? ಒಂದು ಗುಡಿ ಬಿದ್ದರೆ ಕಲ್ಲುಗಳನ್ನು ಮತ್ತೆ ಜೋಡಿಸಬಹುದು. ಗಂಟಲಿನಲ್ಲಿದ್ದ ಕಾವ್ಯ ಗಂಟಲಿನೊಂದಿಗೇ ಹೋಗುತ್ತದೆ. ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಆದರೆ ಕುಮಾರರಾಮನ ಕಥೆಯೂ ಸೇರಿದಂತೆ ಹಲವು ದೊಡ್ಡ ಜನಪದ ಕಾವ್ಯಗಳು, ಬರೆದರೆ ಸಾವಿರಾರು ಪುಟಗಳಾಗುವಷ್ಟು, ಆಕೆಯ ನೆನಪಿನಲ್ಲಿದ್ದವು. 2014ರಲ್ಲಿ ಆಕೆ ತೀರಿಕೊಂಡರು. ಅದಕ್ಕೆ ಮುಂಚೆಯೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದವರಂಥವರ ಗಮನ ಆಕೆಯ ಮೇಲೆ ಬಿದ್ದದ್ದು ನಮ್ಮ ಪುಣ್ಯ. ತೊಗಲುಗೊಂಬೆಯ ಬೆಳಗಲ್ಲು ವೀರಣ್ಣನವರು 2023ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ರಸ್ತೆ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಮಳೆ ಬಾರದಿದ್ದರೆ ಹಳ್ಳಿಯವರು ಗೊಂಬೆಯಾಟ ಆಡಿಸುತ್ತಿದ್ದ ಕಾಲವನ್ನು ಕಂಡವರು ಅವರು. ರಾಮಾಯಣದ ಗೊಂಬೆಗಳ ಜೊತೆಗೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಪರದೆಯ ಮೇಲೆ ತಂದವರು. ಇವರೆಲ್ಲ ಹೆಸರಾದವರು, ಹೇಗೋ ದಾಖಲೆಯಾಯಿತು. ಹೆಸರಾಗದ ಮಾಸ್ತರರ ಪಾಡೇನು? ಒಂದೊಂದು ಊರಿನಲ್ಲೂ ಒಂದು ಹಳೆಯ ನೋಟುಬುಕ್ಕಿನಲ್ಲಿ, ಒಬ್ಬರ ನಾಲಗೆಯ ತುದಿಯಲ್ಲಿ ಇಡೀ ಆಟವಿದೆ. ಆ ಒಬ್ಬರಿಗೆ ಈಗ ಎಪ್ಪತ್ತೋ ಎಂಬತ್ತೋ ವಯಸ್ಸು.

ಅಂಥ ಒಬ್ಬ ಹಿರಿಯರು ಒಮ್ಮೆ ನನ್ನ ಬಳಿಗೆ ಅರ್ಜಿ ಬರೆಸಲು ಬಂದಿದ್ದರು. ಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುವುದುಂಟು. ಅರ್ಜಿಯ ಜೊತೆಗೆ ಕಲಾಸೇವೆಯ ದಾಖಲೆ ಇರಬೇಕು: ಹಳೆಯ ಕರಪತ್ರ, ಫೋಟೋ, ಪ್ರಮಾಣಪತ್ರ, ಇಂಥವು. ನಾನು ಅದನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಲವತ್ತು ವರ್ಷ ಆಟ ಕಲಿಸೀನ್ರೀ. ಕಾಗದ ಎಲ್ಲಿಂದ ತರ್ಲಿ? ಊರೇ ಸಾಕ್ಷಿ ಐತಲ್ರಿ” ಎಂದರು. ಊರು ಸಾಕ್ಷಿ ಹೇಳುತ್ತದೆ, ನಿಜ. ಆದರೆ ಅರ್ಜಿಗೆ ಊರನ್ನು ಲಗತ್ತಿಸಲು ಬರುವುದಿಲ್ಲ. ಅವರು ಆಡಿಸಿದ ಆಟಗಳ ಕರಪತ್ರಗಳನ್ನು ನಾವೆಲ್ಲ ಎಷ್ಟು ಬಾರಿ ಕೈಗೆ ತೆಗೆದುಕೊಂಡು, ಮಡಚಿ, ಬಿಸಾಡಿಲ್ಲ! ಅಂದಿನಿಂದ ನಾನು ಕರಪತ್ರವನ್ನು ಬಿಸಾಡುವುದಿಲ್ಲ.

ಕಾಲ ಬದಲಾಗಿದೆ ಎಂಬುದನ್ನು ಒಪ್ಪಬೇಕು. ಹಿಂದೆ ಮಳೆಯನ್ನೇ ನಂಬಿದ ಎರೆಹೊಲದ ಬೇಸಾಯ. ಸುಗ್ಗಿ ಮುಗಿದರೆ ಮುಂದಿನ ಮಳೆಯವರೆಗೆ ರಾತ್ರಿಗಳೆಲ್ಲ ಬಿಡುವು. 1953ರ ಹೊತ್ತಿಗೆ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ ಕಾಲುವೆಯ ನೀರು ಬಂದ ಮೇಲೆ ಕುರುಗೋಡು, ಸಿರುಗುಪ್ಪದ ಹಳ್ಳಿಗಳಲ್ಲಿ ಭತ್ತದ ಗದ್ದೆಗಳೆದ್ದವು. ಎರಡು ಬೆಳೆ ತೆಗೆಯುವವನಿಗೆ ಕೈಯಲ್ಲಿ ಕಾಸು ಹೆಚ್ಚಿತು, ತಾಲೀಮಿನ ಬಿಡುವು ಕಡಮೆಯಾಯಿತು. ಆಮೇಲೆ ಸಿನಿಮಾ ಬಂತು, ಟೆಲಿವಿಷನ್ ಬಂತು, ಈಗ ಅಂಗೈಯಲ್ಲೇ ಫೋನು. ಇನ್ನೊಂದು ತೊಡಕು ಕಾನೂನಿನದು. ಶಬ್ದಮಾಲಿನ್ಯ ತಡೆಯುವ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಹಬ್ಬಹರಿದಿನಗಳಲ್ಲಿ ನಡುರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ರೋಗಿಗಳ, ಮಕ್ಕಳ ನಿದ್ದೆಗಾಗಿ ಮಾಡಿದ ನಿಯಮವನ್ನು ಹಳಿಯುವಂತಿಲ್ಲ. ಕರಾವಳಿಯ ಕೆಲವು ಯಕ್ಷಗಾನ ಮೇಳಗಳು ಕಾಲಮಿತಿಯ ಆಟವನ್ನು ರೂಢಿಸಿಕೊಂಡದ್ದುಂಟು. ನಮ್ಮಲ್ಲೂ ಸಂಜೆಯೇ ಮೊದಲಾಗಿ ಸರಿಹೊತ್ತಿಗೆ ಮುಗಿಯುವ ಆಟವನ್ನು ಆಡಬಹುದು. ಇಲ್ಲವೆ ಮೈಕಿನ ಅಬ್ಬರವನ್ನು ಬಿಟ್ಟು, ಅಜ್ಜಂದಿರ ಕಾಲದಂತೆ ಹತ್ತಿರ ಕೂತವರಿಗೆ ಬರಿಯ ಕಂಠದಿಂದ ಮುಟ್ಟಿಸಬಹುದು. ಆದರೆ ಹತ್ತಿರ ಕೂರಲು ಜನ ಬರಬೇಕಲ್ಲ!

“ಆ ನಾಟಕಗಳಲ್ಲಿ ಏನಿದೆ? ಅದೇ ಅಬ್ಬರ, ಅದೇ ಹಗುರ ಹಾಸ್ಯ” ಎನ್ನುವವರುಂಟು. ಎಲ್ಲ ಆಟವೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಕೆಲವು ಸಾಮಾಜಿಕ ನಾಟಕಗಳಲ್ಲಿ ಮನೆಮಂದಿಯೊಂದಿಗೆ ಕುಳಿತು ಕೇಳಲಾಗದ ಮಾತುಗಳು ಬರುತ್ತವೆ, ನಿಜ. ಆದರೆ ತಿಳಿದವರು ಎದ್ದುಹೋದ ಸಭೆಯಲ್ಲಿ ಉಳಿದವರ ರುಚಿಗೆ ತಕ್ಕಂತೆ ಆಟ ಇಳಿಯುತ್ತದೆ. ಮುಂದಿನ ಸಾಲಿನಲ್ಲಿ ಅಕ್ಕಂದಿರು, ಅಮ್ಮಂದಿರು, ಮಕ್ಕಳು, ಶಾಲೆಯ ಉಪಾಧ್ಯಾಯರು ಕುಳಿತಿದ್ದರೆ ಹಾಸ್ಯಗಾರನ ನಾಲಗೆ ತಾನಾಗಿಯೇ ಹದಕ್ಕೆ ಬರುತ್ತದೆ. ಚೆನ್ನಾಗಿಲ್ಲ ಎಂದು ಆಟ ಮುಗಿದ ಮೇಲೆ ಮಾಸ್ತರಿಗೆ ಮೆಲ್ಲನೆ ಹೇಳುವುದೂ ಸಹಾಯವೇ. ಮನೆಯಲ್ಲೇ ಕುಳಿತು ಮೂಗು ಮುರಿಯುವುದು ಮಾತ್ರ ಸಹಾಯವಲ್ಲ.

ಹಾಗಾದರೆ ನಾವು ಮಾಡಬಹುದಾದ್ದೇನು? ದೊಡ್ಡ ಯೋಜನೆಗಳು ಬೇಡ. ವರ್ಷಕ್ಕೆ ಎರಡು ಬಾರಿಯಾದರೂ ಮನೆಮಂದಿಯೆಲ್ಲ ಒಂದು ಆಟಕ್ಕೆ ಹೋಗೋಣ. ಟಿಕೇಟಿಲ್ಲದ ಆಟವಾದರೆ ಸಿನಿಮಾಕ್ಕೆ ಕೊಡುವಷ್ಟನ್ನಾದರೂ ಸಂಘದವರ ಕೈಗಿಟ್ಟು ಬರೋಣ. ಬರಿಯ ಪರಿಚಯದ ಪಾತ್ರಧಾರಿಗಲ್ಲ, ಮದ್ದಳೆಯವನಿಗೂ ಬಣ್ಣ ಹಚ್ಚುವವನಿಗೂ ಸಲ್ಲುವಂತೆ. ನಮ್ಮ ಬಡಾವಣೆಯ ಗಣೇಶನ ಹಬ್ಬಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ದೂರದಿಂದ ಮೇಳ ತರಿಸುವ ಮೊದಲು ಹತ್ತಿರದ ಹಳ್ಳಿಯ ಬಯಲಾಟದವರನ್ನೋ ಗೊಂಬೆಯಾಟದವರನ್ನೋ ಕರೆಯೋಣ. ಕರೆಯುವಾಗ ಸಂಭಾವನೆ ಎಷ್ಟೆಂದು ಮೊದಲೇ ಮಾತಾಡಿ, ಆಟ ಮುಗಿದ ಕೂಡಲೆ ಕೊಡೋಣ; ಹೋಗಿಬರುವ ವಾಹನದ ಏರ್ಪಾಡನ್ನು ನಾವೇ ನೋಡಿಕೊಳ್ಳೋಣ. ಶಾಲು ಹೊದಿಸುವುದು ಬೇಡವೆನ್ನುವುದಿಲ್ಲ. ಶಾಲಿನ ಜೊತೆಗೆ ಬಸ್ಸಿನ ಖರ್ಚೂ ಇರಲಿ ಎಂದಷ್ಟೇ ನನ್ನ ಬಿನ್ನಹ.

ಓದುಬಲ್ಲವರಿಂದ ಮಾತ್ರ ಆಗುವ ಕೆಲಸವೂ ಒಂದಿದೆ. ಹಿರಿಯ ಕಲಾವಿದರ ಪರವಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಬರೆದುಕೊಡೋಣ. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಇದೆ ಎಂಬುದು ಎಷ್ಟೋ ಹಳ್ಳಿಯ ಕಲಾವಿದರಿಗೆ ಗೊತ್ತಿಲ್ಲ, ತಿಳಿಸೋಣ. ಕರಪತ್ರಗಳನ್ನು ತಾರೀಖು ಬರೆದು ಜೋಪಾನವಾಗಿಡೋಣ. ಮಾಸ್ತರು ಒಪ್ಪಿದರೆ ಅವರ ನೋಟುಬುಕ್ಕಿಗೆ ಒಂದು ಪ್ರತಿ ಮಾಡಿ ಅವರಿಗೂ ಕೊಟ್ಟು, ಊರಿನ ಗ್ರಂಥಾಲಯದಲ್ಲೂ ಇಡೋಣ. ಕೈಯಲ್ಲಿನ ಫೋನಿನಿಂದ ಅವರ ಹಾಡನ್ನು ಹಿಡಿದಿಡೋಣ. ಆದರೆ ಅವರನ್ನು ಕೇಳದೆ ಊರೆಲ್ಲ ಹಂಚದಿರೋಣ. ರಜೆಯಲ್ಲಿ ಮಕ್ಕಳನ್ನು ಒಂದು ದಿನ ತಾಲೀಮಿಗೆ ಕರೆದೊಯ್ಯೋಣ. ಆಟವನ್ನು ನೋಡಿದ ಮಗು ಬೆರಗಾಗುತ್ತದೆ. ತಾಲೀಮನ್ನು ನೋಡಿದ ಮಗುವಿಗೆ ತಾನೂ ಮಾಡಬಹುದು ಎನಿಸುತ್ತದೆ.

ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ. ಒಂದು ಮನೆಯಿಂದ ಆಗುವುದು ಸಣ್ಣದೇ. ಆದರೆ ಧರ್ಮವರಂ ಅವರ ಸಭೆಯೂ ರಾಘವರ ರಂಗವೂ ಇಂಥ ಮನೆಗಳ ಮೇಲೆಯೇ ನಿಂತಿದ್ದವು.

ಈ ಬೇಸಿಗೆಯಲ್ಲಿ ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ತಮ್ಮ ಊರಿನ ಚಹಾದಂಗಡಿಯ ಗೋಡೆಯ ಮೇಲೋ ಗುಲಾಬಿ ಬಣ್ಣದ ಕಾಗದ ಕಂಡರೆ ಒಂದು ನಿಮಿಷ ನಿಂತು ಓದಿ. ಪಾತ್ರವರ್ಗದ ಹೆಸರುಗಳಲ್ಲಿ ತಮಗೆ ಹಾಲು ಹಾಕುವವರದೋ ತರಕಾರಿ ಮಾರುವವರದೋ ಹೆಸರಿರಬಹುದು. ತಾರೀಖನ್ನು ಗುರುತು ಹಾಕಿಕೊಳ್ಳಿ. ಆ ರಾತ್ರಿ ಒಂದು ಚಾಪೆ, ಒಂದು ಹೊದಿಕೆ, ಕುಡಿಯುವ ನೀರು ತೆಗೆದುಕೊಂಡು ಹೊರಡಿ. ಮರುದಿನ ಹಾಲು ತಂದವನಿಗೆ, “ನಿನ್ನೆ ನಿನ್ನ ಪಾರ್ಟು ಭಾಳ ಛಲೋ ಆತಪ್ಪ” ಎಂದು ಒಂದು ಮಾತು ಹೇಳಿ. ಮುಯ್ಯಿಯ ಮೊದಲ ಕಂತು ಅದೇ.